ಬಪ್ಪಂಗಾಯಿ ದಂಟು

27 ಜುಲೈ 2025, ಆದಿತ್ಯವಾರ, ಉಡುಪಿ

ಬೆಳಗ್ಗಿನಿಂದ ಒಂದೇ ಸಮ ಮಳೆ. ನಾಡಿದ್ದು ನಾಗರ ಪಂಚಮಿ, ಅರಶಿನ ಎಲೆ ಇನ್ನೂ ಕೊಯ್ದಿಲ್ಲ. ಆದರೆ ತಲೆ ತುಂಬ ಇರುವುದು ರಾತ್ರಿ ಎಂಟೂವರೆಗೆ ಬಂದ ಅಣ್ಣನ ವೀಡಿಯೋ ಕಾಲ್.

ಅಣ್ಣ ಟೆಕ್ಸಾಸ್‌ನಿಂದ ದೊಡ್ಡಪ್ಪನಿಗೆ ಮಾಡುವ ಕಾಲ್ ಎರಡೇ ನಿಮಿಷದ್ದು. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಅಷ್ಟೇ. ಇವತ್ತು ಶುರುವಿಗೇ ಕೇಳಿದ, "ಅಪ್ಪ, ರೈಫಲ್‌ಗೆ ಹೊಸ ಬ್ಯಾರೆಲ್ ಹಾಕಿದೆ. ಒಂದು ಗುಂಡು ಹಾರುತ್ತೆ, ಎರಡನೆಯದು ತಾನಾಗಿ ಒಳಗೆ ಹೋಗ್ತಾ ಇಲ್ಲ. ಎಂತ ಮಾಡುದು?"

ಅಲ್ಲಿ ಅವನ ಸ್ನೇಹಿತರ ಜೋಳದ ಹೊಲಕ್ಕೆ ಕಾಡುಹಂದಿ ನುಗ್ಗುತ್ತವೆ. ಆ ರಾಜ್ಯದಲ್ಲಿ ಅವನ್ನು ಹೊಡೆಯಲು ಅವಕಾಶ ಇದೆ. ಇಲ್ಲಿ ನಮ್ಮದು ಒಂಟಿ ನಳಿಗೆಯ ತೋಟದ ಕೋವಿ, ಚುನಾವಣೆ ಬಂದಾಗ ಅದನ್ನೂ ಠಾಣೆಗೆ ಒಪ್ಪಿಸಿ ಬರಬೇಕು. ಅಣ್ಣನದು ಒಂದು ಹಾರಿಸಿದರೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ಜಾತಿ.

ದೊಡ್ಡಪ್ಪ 24 ವರ್ಷ ಸೈನ್ಯದ ರಿಪೇರಿ ವಿಭಾಗವಾದ ಇ.ಎಂ.ಇ.ಯಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವರು ಆಗಿದ್ದವರು. ಕನ್ನಡಕ ಹಾಕಿಕೊಂಡು ಮೊಬೈಲನ್ನು ಚೆಂಬಿಗೆ ಒರಗಿಸಿ ಇಟ್ಟರು. ಮೊದಲ ಮಾತು, "ಖಾಲಿ ಮಾಡಿದ್ದಿಯಾ? ಮ್ಯಾಗಜಿನ್ ತೆಗೆ. ಚೇಂಬರ್ ತೋರಿಸು. ಬೆರಳು ಹಾಕಿ ನೋಡು." ಚೇಂಬರ್ ಅಂದರೆ ಬ್ಯಾರೆಲ್ಲಿನ ಬುಡದಲ್ಲಿ ತೋಟೆ ಕೂರುವ ಗೂಡು. ಅವನು ತೋರಿಸಿದ ಮೇಲೆಯೇ ಮುಂದಿನ ಪ್ರಶ್ನೆ, "ಹೆಡ್‌ಸ್ಪೇಸ್ ನೋಡಿಸಿದ್ಯಾ?"

ಇದು ನನಗೆ ಗೊತ್ತಿರಲಿಲ್ಲ. ಬ್ಯಾರೆಲ್ ಬದಲಾಯಿಸಿದಾಗ ತೋಟೆಯ ಹಿಂದೆ ಮುಚ್ಚಿಕೊಳ್ಳುವ ಬೋಲ್ಟಿನ ಮುಖಕ್ಕೂ ಚೇಂಬರಿನೊಳಗೆ ತೋಟೆ ತಡೆದು ನಿಲ್ಲುವ ಅಂಚಿಗೂ ನಡುವಿನ ಜಾಗ ಸರಿ ಇದೆಯಾ ಎಂದು ಅಳೆಯಲೇಬೇಕಂತೆ. ಅದಕ್ಕೆ ಎರಡು ಗೇಜ್. 'ಗೋ' ಹಾಕಿದರೆ ಬೋಲ್ಟ್ ಮುಚ್ಚಬೇಕು, 'ನೋ-ಗೋ' ಹಾಕಿದರೆ ಮುಚ್ಚಬಾರದು. ಜಾಗ ಜಾಸ್ತಿ ಇದ್ದರೆ ತೋಟೆ ಒಳಗೇ ಒಡೆದು ಮುಖಕ್ಕೇ ಅಪಾಯ. ಬಂದೂಕು ರಿಪೇರಿಯವರ ಹತ್ತಿರ ನೋಡಿಸಿದ್ದೇನೆ, ಸರಿ ಇದೆ ಎಂದ ಅಣ್ಣ. ದೊಡ್ಡಪ್ಪ ಕುರ್ಚಿಗೆ ಒರಗಿದರು.

"ಈಗ ಖೋಖಾ ತೋರಿಸು."

ಖೋಖಾ ಅಂದರೆ ಹಾರಿಸಿದ ಮೇಲೆ ಉಳಿಯುವ ಖಾಲಿ ತೋಟೆ. ಅಣ್ಣ ಒಂದನ್ನು ಕ್ಯಾಮೆರಾ ಹತ್ತಿರ ಹಿಡಿದ. ಹಿತ್ತಾಳೆಯ ಅಂಚು ನುಣ್ಣಗಿತ್ತು. ಒಂದು ಗೀರು ಇಲ್ಲ, ಕುತ್ತಿಗೆ ಜಜ್ಜಿಲ್ಲ. ಅಂದರೆ ಚೇಂಬರ್ ಬಿಗಿಯಾಗಿ ಹಿಡಿದುಕೊಂಡಿಲ್ಲ, ಹಿಡಿದಿದ್ದರೆ ಎಳೆಯುವ ಕೊಕ್ಕೆ ಅಂಚನ್ನು ಹರಿಯುತ್ತಿತ್ತು ಅಂದರು. "ಬಿದ್ದದ್ದು ಎಲ್ಲಿ?" "ಹಿಂದೆ, ಕಾಲಿನ ಹತ್ತಿರವೇ." "ಒಂದೇ ತೋಟೆ ತುಂಬಿ ಹಾರಿಸಿದರೆ ಬೋಲ್ಟ್ ಹಿಂದೆ ನಿಲ್ತದಾ?" "ಇಲ್ಲ." "ಹಾಗಾದ್ರೆ ಗ್ಯಾಸ್ ಸಾಲುದಿಲ್ಲ. ಬೋಲ್ಟ್ ಅರ್ಧ ದಾರಿಯಿಂದ ವಾಪಸ್ ಬರ್ತಾ ಉಂಟು."

ಗುಂಡು ಬ್ಯಾರೆಲ್ಲಿನಲ್ಲಿ ಓಡುವಾಗ ಅದರ ಹಿಂದಿನ ಗ್ಯಾಸ್ ಸ್ವಲ್ಪ ಒಂದು ಸಣ್ಣ ತೂತಿನಿಂದ ಮೇಲೆ ಬಂದು ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ. ದೊಡ್ಡಪ್ಪ ನೋಡಿಕೊಳ್ಳುತ್ತಿದ್ದ ಈಶಾಪುರ ಕಾರ್ಖಾನೆಯ 7.62 ಎಸ್.ಎಲ್.ಆರ್. ರೈಫಲಿನಲ್ಲಿ ಗ್ಯಾಸ್ ಹೊಂದಿಸಲು ಒಂದು ಉಂಗುರ ಇತ್ತು. ಧೂಳು, ಮಸಿ ಹಿಡಿದು ಬಂದೂಕು ಸುಸ್ತಾದರೆ ಅದನ್ನು ತಿರುಗಿಸಿ ಹೊರಗೆ ಹೋಗುವ ಗ್ಯಾಸ್ ಕಡಿಮೆ ಮಾಡಿದರಾಯಿತು. ಅಣ್ಣನದರಲ್ಲಿ ಉಂಗುರ ಇಲ್ಲ. ಎಲ್ಲ ಆ ತೂತಿನ ಮೇಲೆಯೇ.

ಅಣ್ಣ ಬೇರೆ ಸ್ಪ್ರಿಂಗ್ ಹಾಕುತ್ತೇನೆ, ಜಾಸ್ತಿ ಜೋರಿನ ತೋಟೆ ತರುತ್ತೇನೆ ಎಂದು ಶುರು ಮಾಡಿದ. ದೊಡ್ಡಪ್ಪನ ಸ್ವರ ಏರಿತು. "ಎಲ್ಲ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿ ಆಯ್ತು ಅಂತ ಹೇಗೆ ಗೊತ್ತಾಗುದು? ಒಂದು ಸಲಕ್ಕೆ ಒಂದೇ. ಹಳೇ ಬ್ಯಾರೆಲ್ ತಂದು ಪಕ್ಕದಲ್ಲಿ ಇಡು."

ಎರಡೂ ಮೇಜಿನ ಮೇಲೆ ಬಂದವು. ಅಣ್ಣ ಹೊಸದರ ಗ್ಯಾಸ್ ಬ್ಲಾಕ್ ಬಿಚ್ಚಿದ. ಬ್ಯಾರೆಲ್ಲಿನ ತೂತಿನ ಮೇಲೆ ಕೂತು, ತನ್ನದೊಂದು ತೂತಿನಿಂದ ಗ್ಯಾಸನ್ನು ಬೋಲ್ಟಿನ ಕಡೆ ಕಳಿಸುವ ತುಂಡು ಅದು. ತೂತಿನ ಸುತ್ತ ಮಸಿ ಒಂದೇ ಬದಿಗೆ, ಅರ್ಧ ಚಂದ್ರನ ಹಾಗೆ. ದೊಡ್ಡಪ್ಪ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಹಳೆಯದರಲ್ಲಿ ಬ್ಲಾಕಿನ ಹಿಂದೆ ಒಂದು ತೆಳು ತಗಡಿನ ಮುಚ್ಚಳ ಉಂಟಲ್ಲ. ಹೊಸದಕ್ಕೆ ಹಾಕಿದ್ಯಾ?" ಇಲ್ಲ. ಬ್ಯಾರೆಲ್ ಸುತ್ತ ಕೈ ಹಿಡಿಯುವ ಹ್ಯಾಂಡ್‌ಗಾರ್ಡ್ ಸಹ ಹೊಸದು, ಅದಕ್ಕೆ ಮುಚ್ಚಳ ಬೇಡ ಎಂದು ಬ್ಲಾಕನ್ನು ಬ್ಯಾರೆಲ್ಲಿನ ಮೆಟ್ಟಿಲಿಗೆ ತಾಗುವ ತನಕ ಒತ್ತಿ ಕೂರಿಸಿದ್ದ. ಆ ತಗಡಿನ ದಪ್ಪ ಒಂದು ಮಿಲಿಮೀಟರ್ ಸಹ ಇಲ್ಲ. ಅಷ್ಟೇ ಅಂತರಕ್ಕೆ ಬ್ಯಾರೆಲ್ಲಿನ ತೂತು, ಬ್ಲಾಕಿನ ತೂತು ಒಂದಕ್ಕೊಂದು ತಪ್ಪಿದ್ದವು.

ಅಣ್ಣನಿಗೆ ನಂಬಿಕೆ ಬರಲಿಲ್ಲ. ದೊಡ್ಡಪ್ಪ ನನ್ನ ಕಡೆ ತಿರುಗಿ, "ಬಪ್ಪಂಗಾಯಿ ಎಲೆಯ ದಂಟು ಒಂದು ಕಡಿದು ತಾ ಮಗಾ" ಅಂದರು. ಕೊಡೆ ಹಿಡಿದು ಹಿತ್ತಲಿಗೆ ಹೋಗಿ ಪಪ್ಪಾಯಿ ಗಿಡದ ಟೊಳ್ಳು ದಂಟು ಒಂದು ತಂದೆ. ದಂಟಿಗೆ ಸೂಜಿಯಿಂದ ಒಂದು ತೂತು. ಮೇಲೆ ಕಾಗದ ಸುತ್ತಿ ಅದಕ್ಕೂ ಒಂದು ತೂತು. ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಇನ್ನೊಂದರಿಂದ ಊದಿದರು. ತೂತುಗಳು ಎದುರುಬದುರು ಇದ್ದಾಗ ಗಾಳಿ ನನ್ನ ಕೆನ್ನೆಗೆ ಬಡಿಯಿತು. ಕಾಗದವನ್ನು ಒಂದು ಕೂದಲಿನಷ್ಟು ಸರಿಸಿದರು. ಬರೀ 'ಸುಸ್'.

ಆಚೆಯಿಂದ ಅಣ್ಣ, "ಅಪ್ಪ, ಇನ್ನೊಮ್ಮೆ ಮಾಡಿ" ಅಂದ. ಅವನ ಆ ಸ್ವರ ಕೇಳಿ ಎಷ್ಟು ವರ್ಷವಾಯಿತೋ. ಏಳನೇ ಕ್ಲಾಸಿನಲ್ಲಿ ಸೈಕಲ್ ಚೈನ್ ಹಾಕುವಾಗ ಹೀಗೇ ಕೇಳುತ್ತಿದ್ದ.

ಆಗಲೇ ಅವನ ಹಿಂದೆ ಪುಟ್ಟಿಯ ನಗು ಕೇಳಿತು. ದೊಡ್ಡಪ್ಪ ದಂಟು ಕೆಳಗಿಟ್ಟರು. "ಮಗು ಅಲ್ಲೇ ಉಂಟಾ? ತೋಟೆಗಳು ಎಲ್ಲಿವೆ?" ಬೇರೆ ಪೆಟ್ಟಿಗೆಯಲ್ಲಿ, ಬೀಗ ಹಾಕಿ ಇಟ್ಟಿದ್ದೇನೆ ಅಂದ. "ಬೀಗ ತೋರಿಸು." ತೋರಿಸಿದ. ಆದರೂ ಅವರ ಮುಖ ಸಡಿಲಾಗಲಿಲ್ಲ. ಬ್ಲಾಕ್ ಕೂರಿಸುವುದು ಹೇಗೆ ಎಂದು ಬೇಗ ಬೇಗ ಹೇಳಿ ಮುಗಿಸಿದರು. ತಗಡಿನ ದಪ್ಪದಷ್ಟು ಜಾಗ ಬಿಡು, ಮೈದಾನಕ್ಕೆ ಹೋಗಿ ಒಂದೊಂದೇ ತೋಟೆ ತುಂಬಿ ನೋಡು, ಖೋಖಾ ಎಲ್ಲಿ ಬಿತ್ತು ಅಂತ ಫೋಟೋ ಕಳಿಸು.

ಊಟಕ್ಕೆ ಕೂತಾಗ ಗಂಜಿ ಆರಿಹೋಗಿತ್ತು. ದೊಡ್ಡಪ್ಪ ಎರಡು ಸಲ ಕೇಳಿದರು, "ಅವ ಚೇಂಬರಿಗೆ ಬೆರಳು ಹಾಕಿದ್ದ ಅಲ್ವಾ? ನೀನು ನೋಡಿದ್ದಿ ಅಲ್ವಾ?" ನೋಡಿದೆ ದೊಡ್ಡಪ್ಪ, ಅಂದೆ. 24 ವರ್ಷ ನೂರಾರು ರೈಫಲ್ ಬಿಚ್ಚಿ ಕಟ್ಟಿದವರು. ಈ ಒಂದಕ್ಕೆ ಹೀಗೆ.

ಈಗ ಹನ್ನೊಂದು ಗಂಟೆ. ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ದೊಡ್ಡಪ್ಪ ಮೊಬೈಲನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದಾರೆ, ದಂಟು ಇನ್ನೂ ಮೇಜಿನ ಮೇಲೆಯೇ ಇದೆ. ಫೋಟೋ ಬಂದಿಲ್ಲ. ನಾನೇ ಒಂದು ಮೆಸೇಜ್ ಹಾಕಲಾ ಅಂತ ಯೋಚಿಸುತ್ತಿದ್ದೇನೆ.