ಮೂರನೇ ಡಿಲೋಡ್ ಆದಮೇಲೂ ಅದೇ ಚಾರ್ಟ್

ನಮ್ಮ ಜಿಮ್‌ನ ಟ್ರೇನರ್ ಮೀಟಿಂಗ್‌ನಲ್ಲಿ ಮ್ಯಾನೇಜರ್ ಬಾಯಲ್ಲಿ ಬರುವುದು ಒಂದೇ ಮಾತು. "ವರ್ಕೌಟ್ ಚಾರ್ಟ್ ಚೇಂಜ್ ಮಾಡ್ರಪ್ಪಾ, ಕ್ಲೈಂಟ್‌ಗೆ ಬೋರ್ ಆಗುತ್ತೆ, ರಿನ್ಯೂವಲ್ ಬರಲ್ಲ." ಅವರ ಲೆಕ್ಕದಲ್ಲಿ, ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳುವ ಸ್ಕ್ವಾಟ್‌ಗೆ ನೆಟ್ಟಗೆ ಕೂರಲು ಬಾರದವನಿಗೂ ಎರಡನೇ ತಿಂಗಳಿಗೆ ಡ್ರಾಪ್ ಸೆಟ್ (ಸುಸ್ತಾದಾಗ ತೂಕ ಇಳಿಸಿ ನಿಲ್ಲದೆ ಮುಂದುವರಿಸುವುದು) ಕೊಡಬೇಕು. ಇದನ್ನು ಕೇಳಿ ಕೇಳಿ ನನಗೆ ಹಠ ಬಂದುಬಿಟ್ಟಿತ್ತು. ಹೊಸಬರು ಯಾರೇ ಬರಲಿ, ಫೈವ್ ಬೈ ಫೈವ್, ಅಂದರೆ ಐದು ಸೆಟ್, ಸೆಟ್‌ಗೆ ಐದು ರೆಪ್ (ಐದು ಸಲ). ವಾರಕ್ಕೆ ಮೂರು ದಿನ, ಪ್ರತಿ ಸೆಷನ್‌ಗೆ ಸ್ಕ್ವಾಟ್ ಎರಡೂವರೆ ಕೆಜಿ ಜಾಸ್ತಿ. ಏನೇ ಆದರೂ ಬದಲಾಯಿಸಲ್ಲ.

ಈ ಹಠದಲ್ಲಿ ಮುಕ್ಕಾಲು ಪಾಲು ಸರಿಯೇ ಇತ್ತು ಅಂತ ಈಗಲೂ ಅನ್ನಿಸುತ್ತದೆ. 20 ಕೆಜಿ ಖಾಲಿ ಬಾರ್‌ನಿಂದ ಶುರು ಮಾಡಿದವರು ವಾರಕ್ಕೆ ಏಳೂವರೆ ಕೆಜಿ ಏರುತ್ತಾರೆ. ಮೊದಲ ವಾರಗಳಲ್ಲಿ ಬೆಳೆಯುವುದು ಮಾಂಸಖಂಡಕ್ಕಿಂತ ಹೆಚ್ಚಾಗಿ ನರಗಳ ಅಭ್ಯಾಸ. ತೂಕ ಇನ್ನೂ ಕಡಿಮೆ, ಹಾಗಾಗಿ ಎರಡು ದಿನದಲ್ಲಿ ದೇಹ ಮತ್ತೆ ರೆಡಿ. ಆ ವೇಗ ಆಮೇಲೆ ಬೇಕೆಂದರೂ ಸಿಗುವುದಿಲ್ಲ. ಅದನ್ನು ಅರ್ಧಕ್ಕೆ ಬಿಡಿಸಿ ಸೂಪರ್ ಸೆಟ್ (ಎರಡು ವ್ಯಾಯಾಮ ಬೆನ್ನುಬೆನ್ನಿಗೆ) ಮಾಡಿಸುವುದು ಶುದ್ಧ ದಂಡ.

ಅದೂ ಅಲ್ಲದೆ, ತೂಕ ಏರದೇ ನಿಂತಾಗಲೆಲ್ಲ ಪ್ರೋಗ್ರಾಂನದೇ ತಪ್ಪು ಅಂತಲೂ ಅಲ್ಲ. ಬೆಳಗಿನ ಬ್ಯಾಚ್‌ನ ಒಬ್ಬ ಮೇಡಂಗೆ ಓವರ್‌ಹೆಡ್ ಪ್ರೆಸ್ (ಬಾರನ್ನು ತಲೆಯ ಮೇಲಕ್ಕೆ ಎತ್ತುವುದು) ಖಾಲಿ ಬಾರ್‌ನಲ್ಲೇ ನಿಂತಿತ್ತು. ಐದು ಸೆಟ್ ಆರಾಮಾಗಿ ಮುಗಿಸುತ್ತಾರೆ, ಮುಂದಿನ ಸಲ ಎರಡನೇ ರೆಪ್‌ಗೇ ಕೈ ನಡುಗುತ್ತದೆ. ನಮ್ಮಲ್ಲಿರುವ ಅತಿ ಚಿಕ್ಕ ಪ್ಲೇಟ್ ಒಂದೂಕಾಲು ಕೆಜಿ. ಎರಡು ಕಡೆ ಸೇರಿ ಎರಡೂವರೆ. ಇಪ್ಪತ್ತರ ಮೇಲೆ ಎರಡೂವರೆ ಅಂದರೆ ಒಂದೇ ಸಲಕ್ಕೆ ಎಂಟನೇ ಒಂದು ಭಾಗ ಜಾಸ್ತಿ, ಯಾರ ಭುಜ ತಡೆಯುತ್ತದೆ ಹೇಳಿ? ಬಾರ್‌ನ ಎರಡೂ ತುದಿಗೆ ಅರ್ಧ ಕೆಜಿಯ ಆಂಕಲ್ ವೇಟ್ ಸುತ್ತಿದೆವು. ಪ್ರೆಸ್ ಮತ್ತೆ ಏರತೊಡಗಿತು. ಅರ್ಧ ಕೆಜಿ ಪ್ಲೇಟ್ ತರಿಸಿ ಅಂತ ಅರ್ಜಿ ಹಾಕಿದ್ದೆ. ಬಂದದ್ದು ನಿಯಾನ್ ಬೋರ್ಡ್.

ಎಡವಟ್ಟಾದದ್ದು ಸಂಜೆ ಬ್ಯಾಚ್‌ನ ಐಟಿ ಕ್ಲೈಂಟ್ ವಿಷಯದಲ್ಲಿ. ಶ್ರದ್ಧೆಯ ಮನುಷ್ಯ. ಸ್ಕ್ವಾಟ್‌ನಲ್ಲಿ ಮೊದಲು 95 ಕೆಜಿಯಲ್ಲಿ ನಿಂತರು. ಮೂರು ಸಲ ಫೇಲ್, ಆಮೇಲೆ ಡಿಲೋಡ್, ಅಂದರೆ ತೂಕ ಹತ್ತು ಪರ್ಸೆಂಟ್ ಇಳಿಸಿ ಮತ್ತೆ ಹತ್ತುವುದು. ರಾತ್ರಿ ಕಾಲ್‌ಗಳಿಂದ ನಿದ್ದೆ ಕೆಟ್ಟಿತ್ತು, ಅದನ್ನು ಸರಿಮಾಡಿಸಿದೆ. ಅನ್ನ-ಸಾರಿನ ಜೊತೆ ಮೊಟ್ಟೆ, ಮೊಸರು ಸೇರಿಸಿದೆವು. ಐದು ಸೆಟ್ ಇಳಿಸಿ ಮೂರಕ್ಕೆ ತಂದೆವು. 97.5ರಲ್ಲಿ ಮತ್ತೆ ನಿಂತರು, ಮತ್ತೆ ಡಿಲೋಡ್. ವಾಪಸ್ ಹತ್ತಿ ಬಂದರೆ ಅದೇ 97.5, ಮೂರನೇ ಡಿಲೋಡ್. ಆಗಲಾದರೂ ಪ್ರೋಗ್ರಾಂ ಬದಲಾಯಿಸಬೇಕಿತ್ತು. ಆದರೆ ನೂರು ಎರಡೂವರೆ ಕೆಜಿ ದೂರದಲ್ಲಿತ್ತಲ್ಲ! ಅವರಿಗೂ ಅದೇ ಗುಂಗು, ನನಗೆ ಇನ್ನೂ ಜಾಸ್ತಿ. ಮ್ಯಾನೇಜರ್ ಮುಂದೆ ಬೀಗಬೇಕಿತ್ತು.

ಸಂಜೆ ಪೀಕ್ ಟೈಮ್. ಇರುವ ಒಂದೇ ರ‍್ಯಾಕ್‌ಗೆ ಕ್ಯೂ. ಮತ್ತೆ 97.5, ಕೊನೆಯ ಸೆಟ್, ನಾಲ್ಕನೇ ರೆಪ್. ಬಾರ್ ಅರ್ಧಕ್ಕೆ ಬಂದು ನಿಂತಿತು. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ನಾನು ಹಿಂದೆ ನಿಂತು ಅವರ ಎದೆಯ ಕೆಳಗೆ ಕೈ ಹಾಕಿದ್ದೆ. "ಇನ್ನೊಂದು, ಇನ್ನೊಂದು" ಅಂತ ಕೂಗುತ್ತಲೂ ಇದ್ದೆ. ಬಾಯಿ ಮುಚ್ಚಿಕೊಂಡು ಸುಮ್ನೆ ಎತ್ತಬೇಕಿತ್ತು. ಬಾರ್ ಎಡಕ್ಕೆ ವಾಲತೊಡಗಿತು. ಬಾರ್ ಬಿದ್ದರೆ ತಡೆಯುವ ಪಿನ್ (ಅಡ್ಡ ಸರಳು) ಮೇಲೆ ಇಳಿಸೋಣ ಅಂತ ನೋಡಿದರೆ ಪಿನ್ ಎಲ್ಲೋ ಕೆಳಗೆ! ಹಿಂದಿನ ಪುಣ್ಯಾತ್ಮ ರ‍್ಯಾಕ್‌ನಲ್ಲಿ ಕರ್ಲ್ ಮಾಡಲು ಇಳಿಸಿದ್ದ, ನಾನು ನೋಡಿರಲಿಲ್ಲ. ಹಿಂದಕ್ಕೆ ಬಿಡಿ ಅನ್ನೋಣ ಅಂದರೆ ಹಿಂದೆ ನಾನೇ ಇದ್ದೇನೆ. ಸ್ಪೀಕರ್‌ನ ಗದ್ದಲದಲ್ಲಿ ನಾನು ಕೂಗಿದ್ದು ಯಾರಿಗೂ ಕೇಳಲಿಲ್ಲ. ಅವರ ಉಸಿರು ನಿಂತು ಕುತ್ತಿಗೆ ನರ ಉಬ್ಬಿದ್ದು ಕನ್ನಡಿಯಲ್ಲಿ ಕಾಣುತ್ತಿತ್ತು. ಕ್ಯೂನಲ್ಲಿದ್ದ ಹುಡುಗ ಮೊಬೈಲ್ ಬಿಸಾಕಿ ಎಡ ತುದಿ ಹಿಡಿದ. ಸಹೋದ್ಯೋಗಿ ಓಡಿ ಬಂದು ಬಲ ತುದಿ ಹಿಡಿದ. ಬಾರ್ ಹುಕ್ ಮೇಲೆ ಕೂತ ಸದ್ದು ಕೇಳಿದ ಮೇಲೇ ನನ್ನ ಕಾಲು ನಡುಗಲು ಶುರುವಾಯಿತು. ಕ್ಲೈಂಟ್‌ಗೆ ಏನೂ ಆಗಲಿಲ್ಲ. "ಸಾರಿ ಸರ್" ಅಂದರು. ನನಗೆ ಅವರು ಸಾರಿ ಹೇಳಿದರು!

ಪ್ರಾಚೀನ ಗ್ರೀಸ್‌ನ ಕುಸ್ತಿಪಟು ಮಿಲೋ ದಿನಾ ಒಂದು ಕರು ಹೊತ್ತು ನಡೆದ, ಕರು ಹೋರಿಯಾಗುವಷ್ಟರಲ್ಲಿ ಅವನಿಗೂ ಅಷ್ಟು ಬಲ ಬಂದಿತ್ತು ಅಂತ ಟ್ರೇನರ್ ಕೋರ್ಸ್‌ನಲ್ಲಿ ಹೇಳಿಕೊಟ್ಟಿದ್ದರು. ಅದನ್ನು ನೆನಪಿಸಿ ಸಹೋದ್ಯೋಗಿ ಕಾಲೆಳೆದ. "ಹೋರಿ ಬೆಳೆಯೋದು ಒಂದಿನ ನಿಲ್ಲುತ್ತೆ ಗುರುವೇ, ನೀನು ಪ್ಲೇಟ್ ಹಾಕೋದು ನಿಲ್ಲಿಸಲ್ಲ."

ರಾತ್ರಿ ಆ ಕ್ಲೈಂಟ್‌ನ ಲಾಗ್ ಬುಕ್ ತೆಗೆದೆ. ತೂಕದ ಕಾಲಂ ಬಿಟ್ಟು ಉಳಿದದ್ದನ್ನು ನಾನು ಓದಿಯೇ ಇರಲಿಲ್ಲ. ಸೆಟ್ ನಡುವಿನ ರೆಸ್ಟ್ ಮೂರು ನಿಮಿಷದಿಂದ ಎಂಟಕ್ಕೆ ಹೋಗಿತ್ತು. ಒಂದು ಗಂಟೆಯ ಸೆಷನ್ ಎರಡು ಗಂಟೆ ಹತ್ತಿರ ಬಂದಿತ್ತು. ಬುಧವಾರಗಳು ತಪ್ಪತೊಡಗಿದ್ದವು, ಪ್ರತಿ ಸಲ ಹೊಸ ಕಾರಣ. ಸ್ಕ್ವಾಟ್‌ನಲ್ಲಿ ಸೋತ ದಿನ, ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟೂ ಬಿದ್ದಿತ್ತು. "ರ‍್ಯಾಕ್ ಯಾಕೆ ಇಷ್ಟು ಹೊತ್ತು ಹಿಡ್ಕೊಂಡಿದೀರಾ" ಅಂತ ಮ್ಯಾನೇಜರ್ ಗೊಣಗುತ್ತಿದ್ದರಲ್ಲ, ಆ ಗೊಣಗಾಟದಲ್ಲೇ ಉತ್ತರ ಇತ್ತು. ಊಟ, ನಿದ್ದೆ, ಪ್ಲೇಟ್ ಎಲ್ಲ ಸರಿ ಇದ್ದೂ ಎರಡನೇ ಡಿಲೋಡ್ ಅದೇ ಜಾಗಕ್ಕೆ ತಂದು ನಿಲ್ಲಿಸಿದರೆ, ಎರಡು ಸೆಷನ್ ನಡುವಿನ 48 ಗಂಟೆ ಆ ದೇಹಕ್ಕೆ ಸಾಲುತ್ತಿಲ್ಲ ಅಂತಲೇ ಅರ್ಥ. ಮೂರನೆಯದಕ್ಕೆ ಈಗ ನಾನು ಕಾಯುವುದಿಲ್ಲ.

ಅವರನ್ನು ಟೆಕ್ಸಾಸ್ ಮೆಥಡ್ ಅನ್ನುವ ಪ್ರೋಗ್ರಾಂಗೆ ಹಾಕಿದೆ. ಸೋಮವಾರ 82.5ರಲ್ಲಿ ಫೈವ್ ಬೈ ಫೈವ್. ಬುಧವಾರ ಲೈಟ್, ಬೆವರು ಬಂದರೆ ಸಾಕು. ಶುಕ್ರವಾರ 92.5ರಲ್ಲಿ ಒಂದೇ ಸೆಟ್ ಐದು. ಏರಿಸುವುದು ವಾರಕ್ಕೊಮ್ಮೆ ಎರಡೂವರೆ ಕೆಜಿ. ಓವರ್‌ಹೆಡ್ ಪ್ರೆಸ್ ಮತ್ತು ಬೆಂಚ್ ಪ್ರೆಸ್ ಇನ್ನೂ ಏರುತ್ತಿದ್ದವು, ಅವನ್ನು ಹಳೆಯ ಲೆಕ್ಕದಲ್ಲೇ ಬಿಟ್ಟೆ. ಒಂದು ಲಿಫ್ಟ್ ನಿಂತಿತು ಅಂತ ಇಡೀ ಚಾರ್ಟ್ ಹರಿದು ಹಾಕಬೇಕಿಲ್ಲ. ಮೊದಲು ಅವರಿಗೆ ಹಿಂದೆ ಬಿದ್ದ ಬೇಸರ ಇತ್ತು. ನೂರು ಕೆಜಿ ಐದು ಸಲ ಎದ್ದ ಶುಕ್ರವಾರ ಅದೂ ಹೋಯಿತು.

ಆ ಶುಕ್ರವಾರದ ವಿಡಿಯೋ ನೋಡಿದ ಮ್ಯಾನೇಜರ್ ನನ್ನನ್ನು ಕರೆಸಿದರು. ಪಿನ್ ಎತ್ತರ ರ‍್ಯಾಕ್ ಮೇಲೆ ಗುರುತು ಹಾಕಿಸೋಣ, ಚಿಕ್ಕ ಪ್ಲೇಟ್ ತರಿಸೋಣ ಅಂತ ಶುರು ಮಾಡಿದೆ. ಅವರ ತಲೆ ಬೇರೆಲ್ಲೋ ಇತ್ತು. "ಇದನ್ನ ಅಡ್ವಾನ್ಸ್ಡ್ ಸ್ಟ್ರೆಂತ್ ಪ್ಯಾಕೇಜ್ ಅಂತ ಹೊಸಬರಿಗೆ ಮೊದಲ ದಿನವೇ ಮಾರಬಹುದು ಅಲ್ವಾ?" ಬ್ಯಾನರ್ ಪ್ರಿಂಟ್‌ಗೆ ಹೋಗಿದೆ. ಗುರುತನ್ನು ನಾನೇ ಕೆಂಪು ಟೇಪಿನಲ್ಲಿ ಹಾಕಿದ್ದೇನೆ.