ಆಯ್ತು ಬಿಡು

ಈ ವಾರವೆಲ್ಲಾ ಈ ಎರಡು ಪದ ನನ್ನ ತಲೆಯಿಂದ ಇಳಿದಿಲ್ಲ.

ಭಾನುವಾರ ಅಮ್ಮನನ್ನು ಕಣ್ಣು ತೋರಿಸೋಕೆ ಅಕ್ಕ ಕರೆದುಕೊಂಡು ಹೋಗಬೇಕಿತ್ತು. ಶನಿವಾರ ಸಂಜೆ ಅವಳ ಮೆಸೇಜ್ ಬಂತು. 'ನಾಳೆ ಬರೋಕಾಗಲ್ಲ, ಕೆಲಸ ಬಿದ್ದಿದೆ.' ನಾನು 'ಆಯ್ತು ಬಿಡು' ಅಂತ ಬರೆದೆ. ಚಿಂತೆ ಮಾಡಬೇಡ, ನಾನೇ ಹೋಗ್ತೀನಿ ಅನ್ನೋದು ಮನಸ್ಸಿನಲ್ಲಿತ್ತು. ಬರೆಯುವಾಗ ನನ್ನ ದನಿ ನನಗೆ ಮೆತ್ತಗೇ ಕೇಳಿಸಿತ್ತು.

ಮಂಗಳವಾರ ಭಾವ ಫೋನ್ ಮಾಡಿದರು. 'ಅವತ್ತು ರಾತ್ರಿ ತುಂಬಾ ಅತ್ತಳು. ಅಷ್ಟು ಕಡ್ಡಿ ಮುರಿದ ಹಾಗೆ ಬರೀಬೇಕಿತ್ತಾ?'

ಭಾವ ಒಳ್ಳೆಯವರು. ಆದರೆ ಗೊತ್ತಿದ್ದೂ ಮೂರು ದಿನ ಸುಮ್ಮನಿದ್ದದ್ದು ನನಗೆ ಸರಿ ಕಾಣಲಿಲ್ಲ. ಅಕ್ಕನೂ ಅಷ್ಟೇ. ಏನೇ ಬೇಜಾರಾದರೂ ಬಾಯಿ ಬಿಟ್ಟು ಕೇಳುವುದಿಲ್ಲ, ಒಳಗೇ ಇಟ್ಟುಕೊಂಡು ಕೊರಗುತ್ತಾಳೆ.

ಮೆಸೇಜನ್ನು ಮತ್ತೆ ಮತ್ತೆ ತೆಗೆದು ಓದಿದೆ. ಆಯ್ತು ಬಿಡು. ಬಿದ್ದು ಅಳುವ ಮಗುವಿನ ಬೆನ್ನು ಸವರಿ ಹೇಳುವುದೂ ಇದನ್ನೇ. ಜಗಳ ಸಾಕಾಗಿ ಎದ್ದು ಹೋಗುವಾಗ ಹೇಳುವುದೂ ಇದನ್ನೇ. ಕೊನೆಯ 'ಡು' ಎಳೆದೆವೋ, ಕುಟ್ಟಿ ನಿಲ್ಲಿಸಿದೆವೋ ಅನ್ನೋದರಲ್ಲೇ ಎಲ್ಲಾ ಇದೆ. ಫೋನಿನ ಪರದೆಯ ಮೇಲೆ ಎಳೆಯುವುದೂ ಇಲ್ಲ, ಕುಟ್ಟುವುದೂ ಇಲ್ಲ.

1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಪ್ರಯೋಗ ಮಾಡಿದ್ದರು. ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಒಬ್ಬರು ಬೆರಳಿನಿಂದ ಮೇಜಿನ ಮೇಲೆ ತಟ್ಟಬೇಕು, ಇನ್ನೊಬ್ಬರು ಯಾವ ಹಾಡು ಅಂತ ಹೇಳಬೇಕು. ಅರ್ಧಕ್ಕರ್ಧ ಸರಿ ಹೇಳ್ತಾರೆ ಅಂತ ತಟ್ಟುವವರು ಅಂದುಕೊಂಡಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು 3 ಮಾತ್ರ. ತಟ್ಟುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿತ್ತು. ಎದುರಿಗಿದ್ದವರಿಗೆ ಕೇಳಿಸುತ್ತಿದ್ದದ್ದು ಬರೀ ಟಕ್ ಟಕ್. ಶನಿವಾರ ನಾನು ಅಕ್ಕನಿಗೆ ಕಳಿಸಿದ್ದೂ ಬರೀ ಟಕ್ ಟಕ್.

ಆದರೆ ಹಾಡು ಗೊತ್ತಾಗದಿದ್ದರೆ ಜನ ಗೊತ್ತಾಗಲಿಲ್ಲ ಅಂತಾರೆ. ಹತ್ತಿರದವರ ಮಾತಿನಲ್ಲಿ ಹಾಗಾಗಲ್ಲ. ಖಾಲಿ ಉಳಿದ ಜಾಗಕ್ಕೆ ತಮ್ಮದೇ ಒಂದು ಹಾಡು ತುಂಬಿಕೊಳ್ತಾರೆ. ಕಳೆದ ವರ್ಷ ನಾನೇ ಅಕ್ಕನಿಗೆ ಅಂದಿದ್ದೆ, 'ಅಮ್ಮನ ವಿಷಯ ಬಂದಾಗೆಲ್ಲಾ ನಿನಗೆ ಕೆಲಸ ಇರುತ್ತೆ' ಅಂತ. ನಾನು ಮರೆತಿದ್ದೆ. ಅವಳು ಮರೆತಿರಲಿಲ್ಲ. ನನ್ನ ಎರಡು ಪದಗಳನ್ನು ಅವಳು ಆ ಹಳೇ ದನಿಯಲ್ಲೇ ಓದಿದ್ದಾಳೆ.

ಬುಧವಾರ ಫೋನ್ ಮಾಡಿದೆ. ಅವಳು ಮೊದಲು ಹೇಳಿದ್ದು ಆ ಪದಗಳ ವಿಷಯವೇ ಅಲ್ಲ. 'ನೀನು ಉತ್ತರ ಕೊಡೋಕೆ ನಲವತ್ತು ನಿಮಿಷ ತಗೊಂಡೆ.' ನಾನು ಬಸ್ಸಿನಲ್ಲಿದ್ದೆ, ಅಷ್ಟೇ. ಮುಖಾಮುಖಿ ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಅಂತರ ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಒಂದು ಸೆಕೆಂಡ್ ತಡವಾದರೂ ಇವರಿಗೆ ಇಷ್ಟ ಇಲ್ಲವೇನೋ ಅಂತ ಅನಿಸಿಬಿಡುತ್ತೆ. ಅವಳು ನಲವತ್ತು ನಿಮಿಷ ಕಾದಿದ್ದಳು.

'ಸರಿ, ಹೇಗೆ ಹೇಳಿದೆ ಅಂತ ಈಗ ಹೇಳಿ ತೋರಿಸು' ಅಂದಳು.

ಹೇಳಿದೆ. ಬೇಕಂತ ಹೇಳಿದ್ದರಿಂದಲೋ ಏನೋ, ಮುನಿಸಿಕೊಂಡವರ ಹಾಗೇ ಬಂತು. ಇನ್ನೊಮ್ಮೆ ಹೇಳಿದೆ. ಅದೂ ಸರಿ ಬರಲಿಲ್ಲ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದಳು, 'ನೀನು ಏನೇ ಬರೆದಿದ್ರೂ ನಾನು ಅಳ್ತಿದ್ದೆ ಅನ್ಸುತ್ತೆ. ಬರೋಕಾಗಲ್ಲ ಅಂತ ಟೈಪ್ ಮಾಡುವಾಗಲೇ ಹೊಟ್ಟೆ ಉರೀತಿತ್ತು.'

ಅದು ನನಗೆ ಗೊತ್ತೇ ಇರಲಿಲ್ಲ. ಅವಳ ಮೆಸೇಜಿನಲ್ಲಿ ನಾನು ಓದಿದ್ದು ಕೆಲಸ ಬಿದ್ದಿದೆ ಅನ್ನೋದನ್ನ ಮಾತ್ರ.

ಅಮ್ಮನಿಗೆ ಹದಿನೈದು ದಿನ ಬಿಟ್ಟು ಮತ್ತೆ ಬರೋಕೆ ಹೇಳಿದ್ದಾರೆ. 'ಆ ದಿನ ಇಬ್ಬರೂ ಹೋಗೋಣ್ವಾ?' ಅಂತ ಕೇಳಿದಳು. ಹೂಂ, ಹೋಗೋಣ ಅಂದೆ.