ನಾನು ಅಗಿಯುತ್ತಿದ್ದುದು ಒಂದೇ ಕಡೆ

ಇಪ್ಪತ್ತೆರಡು ವರ್ಷದಿಂದ ತಿಪಟೂರಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದೇನೆ. ಹೋದ ವರ್ಷ ಸಂಜೆಯಾದರೆ ಸಾಕು, ಎಡಗಡೆ ಕಣತಲೆ ಸಿಡಿಯುತ್ತಿತ್ತು. ಸೂಜಿಗೆ ದಾರ ಪೋಣಿಸಿ ಪೋಣಿಸಿ ಕಣ್ಣು ಸೋತಿದೆ ಅಂದುಕೊಂಡೆ. ಕನ್ನಡಕ ಬದಲಾಯಿಸಿದೆ. ನೋವು ಹೋಗಲಿಲ್ಲ.

ಒಂದು ದಿನ ಆಕಳಿಸುವಾಗ ಕಿವಿಯ ಮುಂದೆ ದವಡೆ ಕಟಕ್ ಅಂದಿತು. ಹೆದರಿ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ನನ್ನ ಬೆರಳನ್ನೇ ನನ್ನ ಎರಡೂ ಕೆನ್ನೆ ಮೇಲೆ ಇಡಿಸಿ, ಹಲ್ಲು ಕಚ್ಚಿ ಅಂದರು. ಎಡಗಡೆ ಗಟ್ಟಿ ಗಂಟಿನ ಹಾಗೆ ಉಬ್ಬಿತು. ಬಲಗಡೆ ಅಷ್ಟಿಲ್ಲ. ಅದು ಮ್ಯಾಸೆಟರ್ ಸ್ನಾಯುವಂತೆ. ಕೆನ್ನೆಮೂಳೆಯಿಂದ ಕೆಳದವಡೆಯ ಮೂಲೆಯವರೆಗೂ ಇರುತ್ತದೆ. ಕಣತಲೆಯ ಮೇಲೆ ಬೀಸಣಿಗೆ ಹಾಗೆ ಹರಡಿಕೊಂಡಿರುವುದು ಟೆಂಪೊರಾಲಿಸ್. ಅದೂ ಅಗಿಯುವ ಸ್ನಾಯುವೇ! ನಾನು ತಲೆನೋವು ಅಂತಿದ್ದುದು ದವಡೆಯ ದಣಿವು.

2016ರಲ್ಲಿ ಬಲಗಡೆಯ ಕೆಳಗಿನ ದವಡೆಹಲ್ಲು ಕೀಳಿಸಿಕೊಂಡಿದ್ದೆ. ಆ ಜಾಗ ಹಾಗೇ ಬಿಟ್ಟೆ. ಆವತ್ತಿನಿಂದ ಊಟವೆಲ್ಲ ಎಡಗಡೆಗೇ. ನನಗೆ ಅದು ಗೊತ್ತೇ ಆಗಿರಲಿಲ್ಲ.

ಆಮೇಲೆ ಒಂದು ದಂತ ಕಾಲೇಜಿನಲ್ಲಿ ಇಎಂಜಿ ಅನ್ನುವ ಸ್ನಾಯು ಪರೀಕ್ಷೆ ಮಾಡಿದರು. ಎರಡೂ ಕೆನ್ನೆಗೆ, ಎರಡೂ ಕಣತಲೆಗೆ ಪಟ್ಟಿ ಅಂಟಿಸುತ್ತಾರೆ. ಸ್ನಾಯು ಬಿಗಿಯಾದಾಗ ಹುಟ್ಟುವ ಸಣ್ಣ ವಿದ್ಯುತ್ತು ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ. ಬಾಳೆಹಣ್ಣು ಅಗಿದೆ, ಗೆರೆ ಸುಮ್ನೆ ಅಲುಗಾಡಿತು. ನಮ್ಮೂರ ಕೊಬ್ಬರಿ ಚೂರು ಎಡಗಡೆ ಹಾಕಿಕೊಂಡೆ, ಎಡ ಕೆನ್ನೆಯ ಗೆರೆ ನೆಟ್ಟಗೆ ನಿಂತಿತು. ಮುಂದಿನ ಹಲ್ಲಲ್ಲಿ ಮಾತ್ರ ಕಚ್ಚಿದಾಗ ಕಣತಲೆಯ ಗೆರೆ ತುಂಬಾ ಇಳಿದುಹೋಯಿತು. ಹಿಂದಿನ ಹಲ್ಲು ಕೂಡಿದರೇ ಆ ಸ್ನಾಯುವಿಗೆ ಪೂರ್ತಿ ಬಲ ಬರುವುದಂತೆ. ಎಷ್ಟು ಹೊತ್ತು ನೋಡಿದರೂ ಸಾಲದು ಅನಿಸಿತು. ನನ್ನ ಬಾಯೊಳಗಿನ ಕೆಲಸ ನನ್ನ ಕಣ್ಣೆದುರಿಗೇ ನಡೀತಿತ್ತು, ಅಲ್ವಾ!

ಒಂದೇ ಕಡೆ ಅಗಿಯುವವರಿಗೆಲ್ಲ ನೋವು ಬರುವುದಿಲ್ಲ ಅಂತ ಡಾಕ್ಟರು ಹೇಳಿದರು. ನನಗೆ ಜಾಸ್ತಿ ಪೆಟ್ಟು ಕೊಟ್ಟದ್ದು ಇನ್ನೊಂದು ಅಭ್ಯಾಸ. ಹೆಮ್ಮಿಂಗ್ ಮಾಡುವಾಗ ಹಲ್ಲು ಕಚ್ಚಿಕೊಂಡೇ ಕೂರುತ್ತಿದ್ದೆ. ದಾರವನ್ನೂ ಹಲ್ಲಲ್ಲೇ ಹರಿಯುತ್ತಿದ್ದೆ. ಸುಮ್ಮನಿದ್ದಾಗ ತುಟಿ ಮುಚ್ಚಿದ್ದರೂ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ 2ರಿಂದ 4 ಮಿಲಿಮೀಟರ್ ಬಿಡುವು ಇರಬೇಕು. ಆಗಲೇ ಸ್ನಾಯುವಿಗೆ ಬಿಡುವು. ನಾನು ದಿನವಿಡೀ ಅದನ್ನು ದುಡಿಸುತ್ತಿದ್ದೆ.

ಈಗ ಹೋದ ಹಲ್ಲಿನ ಜಾಗಕ್ಕೆ ಬ್ರಿಡ್ಜ್, ಅಂದರೆ ಅಕ್ಕಪಕ್ಕದ ಹಲ್ಲಿನ ಆಸರೆಯಲ್ಲಿ ನಿಲ್ಲುವ ಕೃತಕ ಹಲ್ಲು, ಕಟ್ಟಿಸಿದ್ದೇನೆ. ಮುದ್ದೆಗೆ ಎಡ ಬಲ ಇಲ್ಲ, ಅದನ್ನು ನುಂಗುವುದು. ಕೋಡುಬಳೆ, ಕೊಬ್ಬರಿ ಸಿಕ್ಕಾಗ ಮಾತ್ರ ನೆನಪು ಮಾಡಿಕೊಂಡು ಬಲಗಡೆಗೂ ತಳ್ಳುತ್ತೇನೆ. ಮೊದಲ ವಾರ ಆ ಕೆನ್ನೆ ಬೇಗ ಸೋಲುತ್ತಿತ್ತು. ಮೆಷಿನ್ನಿನ ಕಾಲಿಗೆ ಚಿಕ್ಕ ಕತ್ತರಿಯೊಂದನ್ನು ಲಾಡಿಯಿಂದ ಕಟ್ಟಿದ್ದೇನೆ. ದಾರ ಬಾಯಿಯ ಹತ್ತಿರ ಹೋದಾಗೆಲ್ಲ ಕೈ ಅದನ್ನು ಹುಡುಕುತ್ತದೆ.